ರಾಜಕಾಲುವೆಯ ಎರಡೂ ದಡದವರು

ಚಿಕ್ಕಜಾಲದ ಹತ್ತಿರ,
14 ಡಿಸೆಂಬರ್ 2025

ಪ್ರೀತಿಯ ಮೋನಿಕಾ,

ಹೇಗಿದ್ದೀಯ ಮಗಳೇ? ಅಳಿಯಂದಿರು ಚೆನ್ನಾಗಿದ್ದಾರಾ? ದೀಪಾವಳಿ ಆದಮೇಲೆ ನಿನಗೊಂದು ಫೋನೂ ಮಾಡಲಿಲ್ಲ, ತಪ್ಪು ನನ್ನದೇ. ಫೋನಿನಲ್ಲಿ ನಮ್ಮಿಬ್ಬರ ಮಾತು ಬೇಗ ಜಗಳವಾಗುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ.

ನಿಮ್ಮಪ್ಪನ ಮಂಡಿನೋವು ಕಡಿಮೆಯಾಗಿದೆ. ನನ್ನ ಜೊತೆ ಮಾತೂ ಕಡಿಮೆಯಾಗಿದೆ. ಎಲ್ಲಾ ಆ ಸೇತುವೆ ಕೆಳಗೆ ಮಲಗುವ ಮನೆಯಿಲ್ಲದ ಜನರಿಂದ.

ರಾಜಕಾಲುವೆಯ ಆ ದಡ ಹೊಸ ಪಾಲಿಕೆಗೆ ಸೇರಿದ್ದು, ಈ ದಡ ನಮ್ಮ ಪಂಚಾಯಿತಿಗೆ. ಪಾಲಿಕೆಯವರು ಎಬ್ಬಿಸಿದರೆ ಆ ಹದಿನಾಲ್ಕು ಜನ ಗಂಟುಮೂಟೆ ಹೊತ್ತು ಈಚೆ ಬರುತ್ತಿದ್ದರು. ನಮ್ಮವರು ಎಬ್ಬಿಸಿದರೆ ಆಚೆ ಹೋಗುತ್ತಿದ್ದರು. ಹೋದ ತಿಂಗಳು ಚಳಿಗೆ ಅವರಲ್ಲೊಬ್ಬ ಮುದುಕ, ಶಿವಪ್ಪ, ತೀರಿಕೊಂಡ. ನಮ್ಮ ಅಧ್ಯಕ್ಷ ಚನ್ನಕೇಶವನೂ ಪಾಲಿಕೆಯ ಒಬ್ಬ ಅಧಿಕಾರಿಯೂ ಮಧ್ಯಾಹ್ನದವರೆಗೆ ನಕ್ಷೆ ಹಿಡಿದುಕೊಂಡು, ಹೆಣ ಯಾರ ಗಡಿಯಲ್ಲಿದೆ ಎಂದು ವಾದ ಮಾಡಿದರು. ಶಿವಪ್ಪನ ಜೊತೆಗಿದ್ದ ರತ್ನಕ್ಕ ನೊಣ ಓಡಿಸುತ್ತಾ ಕೂತಿದ್ದಳು.

"ಯಾರಾದ್ರೂ ಒಬ್ರು ನಮ್ಮೋನು ಅನ್ನಿ ತಾಯಿ, ಸಾಕು" ಅಂದಳು ನನಗೆ.

ಐದು ವರ್ಷ ಪಂಚಾಯಿತಿ ಮೆಂಬರ್ ಆಗಿ ಬರೀ ತಲೆಯಾಡಿಸಿದವಳು ನಾನು. ಅವತ್ತು ಹೆಣದ ಪಕ್ಕ ಕೂತುಬಿಟ್ಟೆ.

"ಏಳಕ್ಕ, ಇಂಗೆ ಕೂತ್ರೆ ಏನ್ ಚೆಂದ? ಇವ್ರಿಗೆ ಓಟೂ ಇಲ್ಲ" ಅಂದ ಚನ್ನಕೇಶವ.

"ಓಟಿಲ್ದೋರಿಗೆ ಚಳೀನೂ ಆಗಲ್ವೇನಪ್ಪಾ? ಎರಡು ಆಫೀಸ್ನೋರೂ ಒಟ್ಟಿಗೆ ಸಭೆ ಮಾಡ್ತೀವಿ ಅಂತ ಬರ್ದುಕೊಡ್ರಿ, ಆಮೇಲೆ ಏಳ್ತೀನಿ."

ಬರೆದುಕೊಟ್ಟರು. ಶಿವಪ್ಪನನ್ನು ಆ ಸಂಜೆ ಎರಡೂ ಕಡೆಯವರು ಸೇರಿ ಮಣ್ಣು ಮಾಡಿದರು. ಮುಂದಿನ ವಾರ ಸಭೆಗೆ ಪಾಲಿಕೆಯಿಂದ ಅಸ್ಮಾ ಅಂತ ಚಿಕ್ಕ ವಯಸ್ಸಿನ ಅಧಿಕಾರಿ ಬಂದಳು. "ಗೆರೆ ನಕ್ಷೇಲಿರ್ಲಿ ಬಿಡಿ. ಇವ್ರು ಇರೋಕೆ ಮುಚ್ಚಿರೋ ಶಾಲೆ ನೀವು ಕೊಡಿ, ನೀರು, ಅಡುಗೆ, ಕಾವಲು ನಾವು ನೋಡ್ಕೊಂತೀವಿ" ಅಂದಳು. ಕಾಲುವೆಯಾಚೆಯ ನಿಮ್ಮ ಅಪಾರ್ಟ್‌ಮೆಂಟಿನವರು ಬೇಡವೆಂದು ಅರ್ಜಿ ಕೊಟ್ಟರು. ಶಾಲೆ ಪಕ್ಕದ ನಮ್ಮ ಸೈಟುಗಳನ್ನು ಇನ್ನು ಯಾರು ಕೊಳ್ಳುತ್ತಾರೆ ಎಂದು ನಿಮ್ಮಪ್ಪ ಕೂಗಾಡಿದರು. ಆದರೂ ನಾನು ಕೈ ಎತ್ತಿದೆ. ಒಂದೇ ಮತದ ಅಂತರದಲ್ಲಿ ಗೆದ್ದೆವು.

ಹೋದ ಸೋಮವಾರ ಶಾಲೆಯ ಬಾಗಿಲು ತೆರೆಯಿತು. ರತ್ನಕ್ಕ ಹೊಸ್ತಿಲಲ್ಲೇ ನಿಂತು, "ಇಲ್ಲಿಂದ ಯಾವಾಗ ಎಬ್ಬಿಸ್ತೀರಿ?" ಎಂದು ಕೇಳಿದಳು.

"ಎಬ್ಬಿಸೋರು ಮೊದ್ಲು ನನ್ನ ದಾಟ್ಕೊಂಡು ಬರ್ಬೇಕು" ಅಂದೆ. ಆಮೇಲೆ ಚಾಪೆ ಬಿಚ್ಚಿದಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನೆ ತಣ್ಣಗಿರಲಿ, ನಿನ್ನ ತಲೆಯ ಮೇಲೆ ನನ್ನ ಕೈ ಯಾವತ್ತೂ ಇದೆ.

ನಿನ್ನ ಹೆತ್ತವಳು,
ಮುನಿಗಂಗಮ್ಮ

ಇನ್ನೊಂದು ಮಾತು: ಆ ಅರ್ಜಿಯನ್ನು ಸಭೆಯಲ್ಲಿ ನನ್ನ ಕೈಗೇ ಕೊಟ್ಟರು. ಏಳನೆಯ ಸಹಿ ನಿನ್ನದು. "ಸಹಿ ಹಾಕೋ ಮುಂಚೆ ಪೂರ್ತಿ ಓದಮ್ಮ" ಎಂದು ನನಗೆ ಹೇಳಿಕೊಟ್ಟವಳು ನೀನು. ಹಾಗಾಗಿ, ಓದದೆ ಹಾಕಿರುತ್ತಾಳೆ ಎಂದು ಸಮಾಧಾನ ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ. ಸೇತುವೆಯ ಜನರನ್ನು ಅದರಲ್ಲಿ ಕೊಳಕು ಎಂದು ಬರೆದಿದ್ದರು. ಬರುವ ಭಾನುವಾರ ಬಾ. ರತ್ನಕ್ಕನ ಎದುರು ಕೂತು ಒಂದು ಲೋಟ ಟೀ ಕುಡಿ. ಆಮೇಲೂ ಬೇಕೆನಿಸಿದರೆ ಇನ್ನೊಂದು ಸಲ ಸಹಿ ಹಾಕು. ಆಗಲೂ ನೀನು ನನ್ನ ಮಗಳೇ, ಆಗಲೂ ಆ ಬಾಗಿಲು ಮುಚ್ಚಲು ನಾನು ಬಿಡುವುದಿಲ್ಲ.