ಫಿಲೊಕ್ಟೆಟಿಸನ ಬಿಲ್ಲು

ಜೂನ್ 11, 1931

ಇವತ್ತೂ ನನ್ನನ್ನು ಮರಳಲ್ಲಿ ಹೂತಳು. ಸೊಂಟದವರೆಗಲ್ಲ, ಕುತ್ತಿಗೆವರೆಗೆ. ಬಿಸಿ ಮರಳು ಸತ್ತ ಕಾಲನ್ನು ಎಬ್ಬಿಸುತ್ತದಂತೆ. ನಮ್ಮ ಕಲಿಮ್ನೋಸ್ ದ್ವೀಪದಲ್ಲಿ ಸ್ಪಂಜಿಗೆಂದು ಮುಳುಗಿ ಏಟು ತಿಂದವರಿಗೆಲ್ಲ ಇದೇ ಮದ್ದು. ಎರಡು ತಾಸು. ಮೂಗಿನ ಮೇಲೆ ನೊಣ. ಓಡಿಸಬೇಕಾದ ಕೈ ಮರಳೊಳಗೆ.

ಥೆಮೆಲಿನಾ — ಮೇಕೆ ಕಾಯುವ ವಿಧವೆ, ಈ ನಡುಗಡ್ಡೆಯಲ್ಲಿ ಬೇರೆ ಯಾರೂ ಇಲ್ಲ — ತಲೆಗೆ ಒದ್ದೆ ಬಟ್ಟೆ ಹಾಕಿದಳು. "ಕೂಗ್ಬೇಕು ಅನ್ಸಿದ್ರೆ ಕೂಗೋ ಮಗಾ. ನನ್ ಮೇಕೆಗಳು ಯಾರಿಗೂ ಹೇಳಲ್ಲ."

ನಾಚಿಕೆ. ಕೂಗಲಿಲ್ಲ.

ಜೂನ್ 12

ನಡೆದದ್ದು ಇಷ್ಟು. ಮೂವತ್ತೆಂಟು ಮಾರು ಆಳ. ತಾಮ್ರದ ಟೋಪಿ, ರಬ್ಬರ್ ಸೂಟು, ಮೇಲೆ ಬೋಟಿನಲ್ಲಿ ಗಾಳಿ ಪಂಪು. ತಳದಲ್ಲಿ ಸ್ಪಂಜಿನ ಹಾಸು — ಕುರಿಮಂದೆ ಮಲಗಿದ ಹಾಗೆ. ಹೊತ್ತು ಮರೆತೆ. ಕ್ಯಾಪ್ಟನ್ ದ್ರೋಸೋಸ್ ಹಗ್ಗ ಜಗ್ಗಿದ. ಗಾಬರಿಯಲ್ಲಿ ಒಂದೇ ಓಟಕ್ಕೆ ಮೇಲೆ ಬಂದೆ. ಅದೇ ತಪ್ಪು: ಅಷ್ಟು ಆಳದಿಂದ ನಿಧಾನ ಬರದಿದ್ದರೆ ಕೈಕಾಲು ಬಿದ್ದು ಹೋಗುತ್ತದೆ.

ಟೋಪಿ ಬಿಚ್ಚಿದಾಗ ಕಂಡದ್ದು: ಎರಡು ಗುಡ್ಡ, ಸಂದಿನಲ್ಲಿ ಸರಿಯಾಗಿ ಬಿಳಿ ಚರ್ಚು. ಬಾಯಿಗೆ ಸಿಗರೇಟು ಇಟ್ಟರು. ಎರಡು ದಮ್ಮು... ಕಾಲು ಮಡಿಚಿಕೊಂಡಿತು. ಎಲ್ಲರೂ ನನ್ನ ಕಡೆ ಓಡಿದರು. ದಡ ಯಾರೂ ನೋಡಲಿಲ್ಲ. ಬೋಟು ತೇಲಿ ಹೋಯಿತು. ಆ ಜಾಗದ ಗುರುತು ನನ್ನೊಬ್ಬನ ತಲೆಯಲ್ಲಿದೆ.

ಮೂರು ದಿನ ನರಳಿದೆನಂತೆ. ಉಳಿದವರಿಗೆ ನಿದ್ದೆಯಿಲ್ಲ. ಇಲ್ಲಿ ಇಳಿಸಿದರು. "ವಾರದಲ್ಲಿ ಬರ್ತೀವಿ." ನನ್ನ ತಮ್ಮ ನೋಮಿಕೋಸ್ ಮುಖ ನೋಡಲಿಲ್ಲ. ನನ್ನ ಸೂಟು ಈಗ ಅವನಿಗೆ.

ಜೂನ್ 27

ವಾರ ಎರಡಾಯಿತು.

ನಾಲ್ಕನೇ ಕ್ಲಾಸಿನ ಮೇಷ್ಟ್ರು ಹೇಳಿದ ಕಥೆ ನೆನಪಾಗುತ್ತಿದೆ. ಫಿಲೊಕ್ಟೆಟಿಸ್. ಟ್ರಾಯ್ ಯುದ್ಧಕ್ಕೆ ಹೊರಟ ವೀರ. ದಾರಿಯಲ್ಲಿ ಹಾವು ಕಚ್ಚಿ ಕಾಲು ಕೊಳೆಯಿತು. ನಾತ ತಡೆಯಲಾರದೆ, ಅರಚಾಟ ಕೇಳಲಾರದೆ ಜೊತೆಯವರೇ ಲೆಮ್ನೋಸ್ ದ್ವೀಪದಲ್ಲಿ ಬಿಟ್ಟು ಹೋದರು. ಹತ್ತು ವರ್ಷ. ಅವನ ಬಿಲ್ಲಿಲ್ಲದೆ ಟ್ರಾಯ್ ಬೀಳುವುದಿಲ್ಲ ಎಂದು ಗೊತ್ತಾದಾಗ, ಬಿಟ್ಟು ಹೋದವರಲ್ಲೊಬ್ಬನಾದ ಒಡಿಸಿಯಸ್ ತಿರುಗಿ ಬಂದ. ಅವನಿಗಾಗಿ ಅಲ್ಲ. ಬಿಲ್ಲಿಗಾಗಿ.

ಅದನ್ನು ನನ್ನ ಮಾತಿನಲ್ಲಿ ಬರೆಯಲು ಕೂತಿದ್ದೇನೆ. ಥೆಮೆಲಿನಾಳಿಗೆ ಓದಿ ಹೇಳಿದೆ. ಕಿವಿ ಬಿಸಿಯಾಯಿತು.

"ಹತ್ತು ವರ್ಷ ಅವನ ಗಾಯ ತೊಳ್ದೋರು ಯಾರು?"

"ಯಾರೂ ಇಲ್ಲ. ಒಬ್ಬನೇ."

"ಸುಳ್ಳು! ಯಾರೋ ಮುದುಕಿ ಇದ್ದೇ ಇರ್ತಾಳೆ. ವೀರರಿಗೆ ಅದೆಲ್ಲ ನೆನಪಿರಲ್ಲ."

ಒಬ್ಬ ಮುದುಕಿಯನ್ನು ಸೇರಿಸಿದೆ. ಕಥೆ ಉಸಿರಾಡಿತು.

ಜುಲೈ 20

ಮರಳು ಕಾಲು ಸುಟ್ಟಿದೆ. ಅಂಗೈಯಗಲ ಬೊಬ್ಬೆ. ನನಗೆ ತಿಳಿಯಲೇ ಇಲ್ಲ, ಅವಳು ಕೂಗಿಕೊಂಡ ಮೇಲೆ ನೋಡಿದೆ.

ನನ್ನ ಕಥೆಯಲ್ಲಿ ಒಡಿಸಿಯಸ್ ಕ್ಷಮೆ ಕೇಳುತ್ತಾನೆ. ಮೂರು ಸಲ ಬರೆದೆ, ಮೂರು ಸಲವೂ ಹೊಡೆದು ಹಾಕಿದೆ. ಅವನ ಬಾಯಲ್ಲಿ ಆ ಮಾತು ನಿಲ್ಲುವುದಿಲ್ಲ.

ಆಗಸ್ಟ್ 9, ಮಧ್ಯಾಹ್ನ

ಬೋಟು ಬಂತು! ನಾನು ಗುಂಡಿಯಲ್ಲಿದ್ದೆ. ಮರಳ ಮೇಲೆ ಬರೀ ತಲೆ.

"ಏನಪ್ಪಾ ರಾಜಕುಮಾರ, ಮುಖಕ್ಕೆ ಬಣ್ಣ ಬಂದಿದೆ!" ಎಂದ ಕ್ಯಾಪ್ಟನ್.

"ಬೇಯ್ಸಿದ್ರೆ ಏಡಿಗೂ ಬರತ್ತೆ," ಎಂದಳು ಥೆಮೆಲಿನಾ. "ಬಾ, ನಿನಗೂ ಒಂದು ಗುಂಡಿ ತೋಡ್ತೀನಿ."

ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಅವತ್ತು ನಿನ್ ಚೀಲದಲ್ಲಿದ್ದಂಥ ಸ್ಪಂಜು ಇಪ್ಪತ್ತು ವರ್ಷದಲ್ಲಿ ನೋಡಿಲ್ಲ. ಬೇಸಿಗೆಯೆಲ್ಲ ಹುಡುಕಿದ್ವಿ. ಗುರುತು ಹೇಳು. ಹಾಸು ಸಿಕ್ಕಿದ್ ದಿನವೇ ನಿನ್ನ ಪಿರೇಯಸ್ ಆಸ್ಪತ್ರೆಗೆ ಸೇರಿಸ್ತೀನಿ."

"ಇಳಿಯೋದು ಯಾರು?"

"ನಾನೇ!" ನೋಮಿಕೋಸ್. ಹತ್ತೊಂಬತ್ತು ವರ್ಷ. "ನೀನು ತಡ ಮಾಡ್ದೆ ಅಣ್ಣ. ನಾನು ಸರ್ರಂತ ಇಳ್ದು ಸರ್ರಂತ ಮೇಲ್ ಬರ್ತೀನಿ."

"ಸರ್ರಂತ ಬಂದಿದ್ದಕ್ಕೇ ಕಣೋ ಹೀಗಾಗಿದ್ದು. ನಿಧಾನ ಬರ್ಬೇಕು. ನಿಂತು ನಿಂತು."

"ನಿಂತು ನಿಂತು ಬರೋಕೆ ಇವನೇನು ಮದುಮಗಳಾ?" ಕ್ಯಾಪ್ಟನ್ ನಕ್ಕ. ನೋಮಿಕೋಸ್ ಕೂಡ ನಕ್ಕ.

ಮೊದಲು ನನ್ನನ್ನು ಹತ್ತಿಸಿ ಎಂದೆ. ಮೊದಲು ಗುರುತು ಎಂದ ಕ್ಯಾಪ್ಟನ್. ಬೆಳಗಿನವರೆಗೆ ಯೋಚಿಸು. ಸುಳ್ಳಾದರೆ ಬೋಟು ಈ ಕಡೆ ಮತ್ತೆ ತಿರುಗುವುದಿಲ್ಲ.

ಆಸ್ಪತ್ರೆ... ದೇವರೇ, ಆಸ್ಪತ್ರೆ.

ಆಗಸ್ಟ್ 10, ಬೆಳಿಗ್ಗೆ

ಹೇಳಿದೆ. ಉತ್ತರದ ಕರಿ ಬಂಡೆ, ಹಿಂದೆ ಒಂಟಿ ಅಂಜೂರದ ಮರ, ಎರಡೂ ಒಂದೇ ಗೆರೆಗೆ ಬಂದಾಗ ಇಳಿ. ಅಲ್ಲಿ ಹನ್ನೆರಡೇ ಮಾರು. ಬರೀ ಕೆಸರು.

ಕ್ಯಾಪ್ಟನ್ ಹಣೆಗೆ ಮುತ್ತಿಟ್ಟ. "ಆಳ ಇದ್ದಷ್ಟೂ ಇರ್ಲಿ!" ಎಂದು ನೋಮಿಕೋಸ್ ಹಾರುತ್ತ ಹೋದ. ನಾಳೆಯಿಂದ ನನ್ನ ಹೆಸರು ಎತ್ತಿದರೆ ಉಗುಳುತ್ತಾನೆ. ಎರಡು ಕಾಲ ಮೇಲೆ ನಿಂತು ಉಗುಳಲಿ.

ಕ್ಯಾಪ್ಟನ್ ಬರುವುದಿಲ್ಲ. ಬಂದರೆ ಇನ್ನೂ ಕಷ್ಟ. ಎರಡನೇ ಸಲ ಸುಳ್ಳು ಹೇಳುವ ಗಟ್ಟಿತನ ನನಗಿದೆಯೋ ಇಲ್ಲವೋ.

"ನಿಜವಾದ ಗುರುತೇ ಕೊಟ್ಯಾ?" ಎಂದಳು ಥೆಮೆಲಿನಾ. ಇಲ್ಲವೆಂದು ತಲೆಯಾಡಿಸಿದೆ. ಅವಳು ಸಲಿಕೆ ತಂದಳು.

ಸ್ವಲ್ಪ ತಾಳು ಎಂದೆ. ಮರಳು ಇನ್ನೂ ಕಾದಿಲ್ಲ. ಬೋಟು ಇನ್ನೂ ಕಾಣುತ್ತಿದೆ. ತುದಿಯಲ್ಲಿ ನಿಂತವನು ನೋಮಿಕೋಸನೇ ಇರಬೇಕು, ಕೈ ಬೀಸುತ್ತಿದ್ದಾನೆ.