ಎಡಗಡೆಯ ಖಾಲಿ ಜಾಗ

ಪ್ರೀತಿಯ ಐದಡಿಗೆ,

ಇಲ್ಲಿ ಚಳಿ ಜಾಸ್ತಿ, ಕೆಮ್ಮು ಕಡಿಮೆಯಾಗಿದೆ. ನೀನು ಕೋಪದಲ್ಲೇ ಬ್ಯಾಗಿಗೆ ತುರುಕಿದ ಉಣ್ಣೆ ಟೋಪಿ ಬೆಚ್ಚಗಿದೆ.

ನಿನ್ನೆ ಸಂಪಾದಕರು ಫೋನ್ ಮಾಡಿದ್ದರು. ಗಡಿಯಾರದ ಗೋಪುರ, ಬಂದರು, ಆನೆ ಹಿಂಡು, ಎಲ್ಲ ಫೋಟೊಗಳೂ ಚೆನ್ನಾಗಿವೆಯಂತೆ. "ಆದ್ರೆ ಎಲ್ಲದ್ರಲ್ಲೂ ಎಡಗಡೆ ಅಷ್ಟು ಜಾಗ ಯಾಕ್ರೀ ಖಾಲಿ ಬಿಟ್ಟಿದ್ದೀರಾ?" ಅಂದರು. ತೆಗೆದು ನೋಡಿದರೆ ನಿಜ. ಗೋಪುರವೋ ಆನೆಯೋ ಎಷ್ಟು ಎತ್ತರವೆಂದು ಗೊತ್ತಾಗಲಿ ಅಂತ ಹನ್ನೊಂದು ವರ್ಷ ಐದಡಿ ಎತ್ತರದ ನಿನ್ನನ್ನು ದೇಶ ದೇಶಗಳಲ್ಲಿ ಅಲ್ಲೇ ನಿಲ್ಲಿಸಿದ್ದೆನಲ್ಲ. ಕೈ ತಾನಾಗಿ ನಿನಗೆ ಜಾಗ ಬಿಟ್ಟಿದೆ.

ಹೊರಡುವ ದಿನ "ನಾನು ಹೆಂಡ್ತಿನಾ, ಅಳತೆಕೋಲಾ?" ಅಂತ ಕೇಳಿ, ನೀನು ಬರದೆ ಉಳಿದೆ. ಈಗ ಲ್ಯಾಪ್‌ಟಾಪಿನಲ್ಲಿ ಹಳೆಯದನ್ನೆಲ್ಲ ಹುಡುಕಿದೆ. ನಿನ್ನ ಮುಖ ಹೆಸರುಕಾಳಿಗಿಂತ ದೊಡ್ಡದಾಗಿ ಬಿದ್ದ ಒಂದು ಫೋಟೊನೂ ಸಿಗಲಿಲ್ಲ. ನೀನು ಕೇಳಿದ್ದು ಸರಿಯಾಗೇ ಇತ್ತು.

ಟಿಕೆಟ್ ಕಳಿಸಿದ್ದೇನೆ. ಬರುವಾಗ ಕಪಾಟಿನ ಮೇಲಿನ ಅರೆಯಲ್ಲಿರುವ ಚಿಕ್ಕ ಲೆನ್ಸ್ ತಾ, ಮುಖ ತೆಗೆಯಲು ಅದೇ ಒಳ್ಳೆಯದು. ಈ ಸಲ ನೀನು ನನ್ನ ಹತ್ತಿರವೇ ನಿಲ್ಲು. ಆನೆಗಳು ಬೇಕಾದರೆ ಹಿಂದೆಲ್ಲೋ ಹೆಸರುಕಾಳಿನಷ್ಟು ಇರಲಿ.

ಸದಾ ಒಂದು ಕಣ್ಣು ಮುಚ್ಚಿಕೊಂಡಿರುವ,
ನಿನ್ನವನು