ಯಾರ ಸೈಡು

೧೪, ಮಂಗಳವಾರ

ನನ್ನ ಮೋರೆ ನೋಡಿಕೊಳ್ಳಲು ನನಗೇ ಹೇಸಿಗೆ.

ಬೆಳಗ್ಗೆ ಏಳನೇ ತರಗತಿಗೆ ಇಂಗ್ಲಿಷಿನ ‘ಸೈಡ್’ ಪದ ಕಲಿಸಿದೆ: ತ್ರಿಕೋನದ ಬದಿ, ರಸ್ತೆಯ ಪಕ್ಕ, ಜಗಳದಲ್ಲಿ ಒಬ್ಬರ ಪರ. ಕೊನೆಯದಕ್ಕೆ ವಾಕ್ಯವನ್ನೂ ನಾನೇ ಕೊಟ್ಟೆ: ‘ನಾನು ಯಾವಾಗಲೂ ನನ್ನ ಗೆಳತಿಯ ಸೈಡು.’

ಮಧ್ಯಾಹ್ನ, ಪ್ರಶ್ನೆಪತ್ರಿಕೆಯ ಬೀರು ತೆರೆದೇ ಇತ್ತೆಂದು ಹೆಡ್ ಮೇಡಂ ನನ್ನ ಗೆಳತಿ ಗಣಿತದ ಟೀಚರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಬೀಗದ ಕೈ ಇರುವುದು ನಮ್ಮಿಬ್ಬರ ಹತ್ತಿರ. ಬೀಗ ಹಾಕಲು ಮರೆತವಳು ನಾನು. ಅದು ಅವಳಿಗೂ ಗೊತ್ತಿತ್ತು. ನನ್ನತ್ತ ಒಮ್ಮೆ ನೋಡಿದಳು; ನನ್ನ ಹೆಸರೆತ್ತಲಿಲ್ಲ. ನಾನು ಸೀಮೆಸುಣ್ಣದ ಕೈ ತೊಳೆಯಲು ಎದ್ದು ಹೋದೆ.

ಸಂಜೆ ಬಸ್ಸಿನಲ್ಲಿ ಅವಳೇ ಸರಿದು ಜಾಗ ಬಿಟ್ಟಳು. “ಬಾರೇ, ಕೂತ್ಕೋ. ನಿಂತೇ ಬರ್ತೀಯೇನು?” ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಾಳೆ ಮಕ್ಕಳು ಆ ವಾಕ್ಯ ಬರೆದು ತರುತ್ತಾರೆ. ಅದಕ್ಕೆ ಸರಿ ಗುರುತು ಹಾಕಬೇಕಾದ ಕೈಯೂ ಇದೇ.